ನಕ್ಷೆಯಿಲ್ಲದ ಹೊಲಿಗೆ

ಬೆಂಗಳೂರಿನ ಕೆಲವು ಕರಕುಶಲ ಮಳಿಗೆಗಳಲ್ಲಿ ಇತ್ತೀಚೆಗೆ ಒಂದು ವಿಚಿತ್ರ ವಸ್ತು ಕಣ್ಣಿಗೆ ಬೀಳುತ್ತದೆ. ಅದು ಹಳೆಯದರಂತೆ ಕಾಣುವ ಹೊಸ ಕೌದಿ. ಗಿರಣಿಯಿಂದ ಬಂದ ಇಡೀ ಥಾನನ್ನು ಕತ್ತರಿಸಿ ಚಿಂದಿ ಮಾಡಿ, ಬಣ್ಣವನ್ನು ಬೇಕೆಂದೇ ಮಾಸಲುಗೊಳಿಸಿ, ಬಳಿಕ ಅದೇ ಚಿಂದಿಗಳನ್ನು ಮತ್ತೆ ಕೂಡಿಸಿ ಹೊಲಿದಿರುತ್ತಾರೆ. ಪಕ್ಕದಲ್ಲಿ ಅದರ ತದ್ರೂಪು, ಅದರಾಚೆ ಮತ್ತೊಂದು. ಅಮೆರಿಕದಲ್ಲಿ ಈ ವ್ಯವಹಾರ ಇನ್ನೂ ಹಳೆಯದು. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಅಲ್ಲಿನ ರೈತ ಕುಟುಂಬಗಳು ಹಿಟ್ಟಿನ ಚೀಲ, ಕೋಳಿ ಮೇವಿನ ಚೀಲಗಳ ಹೂಬಟ್ಟೆಯನ್ನು ಬಿಚ್ಚಿ ಹೊದಿಕೆ ಹೊಲಿದುಕೊಂಡಿದ್ದವು. ಇಂದು ಅದೇ ಹೂಗಳನ್ನು ಹೊಸ ಬಟ್ಟೆಯ ಮೇಲೆ ಅಚ್ಚೊತ್ತಿ, ಪ್ರಾಚೀನ ಶೈಲಿಯ ಹೊದಿಕೆ ಹೊಲಿಯುವ ಹವ್ಯಾಸಿಗಳಿಗೆ ಗಜದ ಲೆಕ್ಕದಲ್ಲಿ ಮಾರಲಾಗುತ್ತದೆ. ಅವ್ವ, ಅಜ್ಜಿಯರು ವಿಧಿಯಿಲ್ಲದೆ ಮಾಡಿದ್ದನ್ನು ಮೊಮ್ಮಕ್ಕಳು ದುಡ್ಡು ಕೊಟ್ಟು ಮಾಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಅನುಕರಣೆಯಲ್ಲಿ ಕೌದಿಯ ರೂಪ ಮಾತ್ರ ಉಳಿದು, ಆ ರೂಪ ಹುಟ್ಟಿದ ಬಗೆ ಕಳೆದುಹೋಗುತ್ತದೆ. ಕಳೆದುಹೋಗುತ್ತಿರುವುದು ಏನು ಎಂಬುದನ್ನು ತಿಳಿಯಬೇಕಾದರೆ ಎರೆಸೀಮೆಗೆ ಹೋಗಬೇಕು.

ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಅಬ್ಬಿಗೇರಿ, ನರೇಗಲ್ಲಿನ ನೆರೆಯ ಊರು. ಸುತ್ತ ಕಣ್ಣು ಹಾಯುವಷ್ಟು ದೂರ ಕಪ್ಪುನೆಲ. ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆ, ಹತ್ತಿ ಇಲ್ಲಿಯ ಬೆಳೆಗಳು. ಜೋಳದ ರಾಶಿ ಮುಗಿದು ಕಣ ಬರಿದಾದ ಮೇಲೆ, ಮುಂಗಾರು ಮಳೆ ಮತ್ತೆ ಹೊಲಕ್ಕೆ ಕರೆಯುವ ತನಕ, ಹೆಣ್ಣುಮಕ್ಕಳ ಕೈಗೆ ಎರಡು-ಮೂರು ತಿಂಗಳ ಬಿಡುವು ದೊರೆಯುತ್ತದೆ. ಬಿಡುವು ಎಂದರೆ ಹೊಲದ ಕೆಲಸದಿಂದ ಮಾತ್ರ. ನೀರು, ರೊಟ್ಟಿ, ದನಗಳಿಂದ ಅಲ್ಲ. ಆ ಬೇಸಿಗೆಯ ಮಧ್ಯಾಹ್ನಗಳಲ್ಲಿ ಪಡಸಾಲೆಯಲ್ಲಿ ಕೌದಿ ಹರಡಿಕೊಳ್ಳುವುದು ಈ ಸೀಮೆಯ ವಾಡಿಕೆ. ಹಾಸಲೂ ಕೌದಿ, ಹೊದೆಯಲೂ ಕೌದಿ, ಕಡಲೆ ಒಣಹಾಕಲೂ ಕೌದಿ, ಚಕ್ಕಡಿಯಲ್ಲಿ ಜಾತ್ರೆಗೆ ಹೋಗುವಾಗ ಕೆಳಗೆ ಹಾಸಲೂ ಅದೇ. ಕಾರಹುಣ್ಣಿಮೆಗೆ ಎತ್ತಿನ ಬೆನ್ನ ಮೇಲೆ ಬೀಳುವ ಜೂಲವೂ, ಕೂಸಿನ ತಲೆಯ ಮೇಲಿನ ಕುಲಾವಿಯೂ ಅದೇ ಚಿಂದಿಯ ಗಂಟಿನಿಂದ ಹೊರಬಂದ ಬಂಧುಗಳು.

ಕೌದಿಯನ್ನು ಹೊಲಿಯುವ ಕ್ರಮದಲ್ಲಿಯೇ ಅದರ ವೈಶಿಷ್ಟ್ಯವಿದೆ. ಪಾಶ್ಚಾತ್ಯ ಹೊದಿಕೆಯ ಕ್ರಮವೇ ಬೇರೆ. ಅಲ್ಲಿ ಮೊದಲು ಮೇಲ್ಪದರದ ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ಪೂರ್ತಿ ಚಿತ್ರವನ್ನು ಸಿದ್ಧಗೊಳಿಸುತ್ತಾರೆ. ಆಮೇಲೆ ಅದರ ಕೆಳಗೆ ಹತ್ತಿಯ ಹಾಸು, ಅದರ ಕೆಳಗೆ ಅಸ್ತರಿ ಇಟ್ಟು ಚೌಕಟ್ಟಿಗೆ ಬಿಗಿದು ಹೊಲಿಯುತ್ತಾರೆ. ಹಿಡಿಸದಿದ್ದರೆ ಹೊಲಿಗೆಗೆ ಮುನ್ನ ತುಂಡುಗಳನ್ನು ಬದಲಿಸಬಹುದು. ಕೌದಿಗೆ ಚೌಕಟ್ಟೂ ಇಲ್ಲ, ಹತ್ತಿಯ ಹಾಸೂ ಇಲ್ಲ. ಹಳೆಯ ಧೋತರವನ್ನೋ ಸೀರೆಯನ್ನೋ ಅಗಲಕ್ಕೆ ಜೋಡಿಸಿ ನೆಲದ ಮೇಲೆ ಹಾಸುತ್ತಾರೆ. ಸುಕ್ಕಾಗದಂತೆ ಮೂಲೆಗಳಲ್ಲಿ ಏನಾದರೂ ಭಾರ ಇಡುತ್ತಾರೆ. ಅದರ ಮೇಲೆ ಒಂದೋ ಎರಡೋ ಪದರ ಹಳೆ ಅರಿವೆ. ಆ ಬಳಿಕ ಅಂಚಿನಿಂದ ಹೊಲಿಗೆ ಆರಂಭ. ತುಂಡಿನ ಅಂಚನ್ನು ಉಗುರಿನಿಂದ ಒಳಕ್ಕೆ ಮಡಿಚಿ, ಮೇಲಿಟ್ಟು, ಎಲ್ಲ ಪದರಗಳನ್ನೂ ಹಾಯುವಂತೆ ಸೂಜಿ ನಡೆಸುತ್ತಾರೆ. ನಾಲ್ಕೂ ಬದಿ ಸುತ್ತಿ ಬಂದ ಸಾಲು ಒಳಕ್ಕೆ ಸರಿದು ಮತ್ತೆ ಸುತ್ತುತ್ತದೆ. ಒಂದು ತುಂಡು ಮುಗಿಯುವಲ್ಲಿ ಇನ್ನೊಂದನ್ನು ಗಂಟಿನಿಂದ ಆರಿಸಿ ಅದರ ಅಂಚಿಗೆ ತಾಗಿಸುತ್ತಾರೆ. ಹೀಗೆ ಚೌಕದೊಳಗೆ ಚೌಕವಾಗಿ ಹೊಲಿಗೆ ನಡುವಿಗೆ ಬಂದು ಮುಚ್ಚಿಕೊಂಡಾಗ ಕೌದಿ ಮುಗಿಯಿತು.

ಚಿತ್ರ ಮೊದಲು, ಹೊಲಿಗೆ ಆಮೇಲೆ ಎಂಬ ಕ್ರಮ ಇಲ್ಲಿಲ್ಲ. ಹೊಲಿಗೆ ನಡೆದ ಹಾಗೆಯೇ ಚಿತ್ರ ಒದಗುತ್ತದೆ. ಅಂಚಿನಲ್ಲಿ ಹಾಕಿದ ಕೆಂಪು ತುಂಡನ್ನು, ನಡುವಿಗೆ ಬಂದ ಮೇಲೆ ‘ಅಲ್ಲಿ ಬೇಡವಾಗಿತ್ತು’ ಎಂದು ತೆಗೆಯಲಾಗದು. ತೆಗೆದರೆ ಮೂರು ಪದರಗಳೂ ಸಡಿಲಾಗುತ್ತವೆ. ಹಾಗಾದರೆ ಮಾಡುವುದೇನು? ಆ ಕೆಂಪಿಗೆ ಒಪ್ಪುವ ಇನ್ನೊಂದು ಕೆಂಪನ್ನು ಎದುರು ಬದಿಯಲ್ಲಿ ಹಾಕುವುದು. ಗಂಟಿನಲ್ಲಿ ಕೆಂಪು ಮುಗಿದಿದ್ದರೆ ಜೇಡುಗೆಂಪಿನಲ್ಲಿ ಹೊಂದಿಸುವುದು. ಅದೂ ಇಲ್ಲದಿದ್ದರೆ ಕಪ್ಪಿನ ಒಂದು ಪಟ್ಟಿಯನ್ನು ನಡುವೆ ತಂದು ಆ ಕೊರತೆಯನ್ನೇ ಚೆಂದವಾಗಿಸುವುದು. ಸಂಗೀತಗಾರ ತಾನು ಈಗಷ್ಟೇ ಹಾಡಿದ ಸ್ವರವನ್ನು ಹಿಂದಕ್ಕೆ ಪಡೆಯಲಾರ, ಮುಂದಿನ ಸ್ವರದಿಂದ ಅದಕ್ಕೆ ಅರ್ಥ ಕೊಡಬಲ್ಲ. ಗದಗ ಸೀಮೆಯವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಗವಾಯಿಯ ಮನೋಧರ್ಮಕ್ಕೆ ನಾವು ತಲೆದೂಗುತ್ತೇವೆ, ಕೌದಿ ಹೊಲಿಯುವಾಕೆಯದನ್ನು ಕಾಲಕ್ಷೇಪ ಎನ್ನುತ್ತೇವೆ.

ಇದೇ ಸೀಮೆಯ ಕಸೂತಿಯೊಂದಿಗೆ ಇಟ್ಟು ನೋಡಿದರೆ ವ್ಯತ್ಯಾಸ ಇನ್ನಷ್ಟು ಸ್ಪಷ್ಟವಾಗುತ್ತದೆ. ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳುಳ್ಳ ಕಸೂತಿ ಎಳೆ ಎಣಿಸಿ ಹಾಕುವ ಕಲೆ. ಒಂದೆಳೆ ತಪ್ಪಿದರೆ ಗೋಪುರ ವಾಲುತ್ತದೆ, ತೇರಿನ ಗಾಲಿ ಕೂಡುವುದಿಲ್ಲ. ಅದರ ವಿನ್ಯಾಸವನ್ನು ಚೌಕಳಿ ಕಾಗದದ ಮೇಲೆ ಇಳಿಸಬಹುದು, ಪುಸ್ತಕ ಮಾಡಬಹುದು, ತರಗತಿಯಲ್ಲಿ ಕಲಿಸಬಹುದು. ಹಾಗಾಗಿಯೇ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರಕಿಸುವುದೂ ಸಾಧ್ಯವಾಯಿತು. ಇಳಕಲ್ಲ ಸೀರೆಗೂ ಸಂಡೂರಿನ ಲಂಬಾಣಿ ಕಸೂತಿಗೂ ಆ ಮಾನ್ಯತೆ ಸಂದಿದೆ. ಆದರೆ ಕೌದಿಯ ಲಕ್ಷಣವನ್ನು ಅರ್ಜಿಯ ನಮೂನೆಯಲ್ಲಿ ಹೇಗೆ ಬರೆಯುವುದು? ‘ಮನೆಯಲ್ಲಿ ಏನಿತ್ತೋ ಅದು’ ಎಂದೇ? ಒಂದೇ ಮನೆಯಲ್ಲಿ ಒಬ್ಬಳೇ ಹೊಲಿದ ಎರಡು ಕೌದಿಗಳು ಒಂದರಂತೆ ಇನ್ನೊಂದು ಇರುವುದಿಲ್ಲ, ಇರಲಾರವು. ಕುಪ್ಪಸದ ಮೇಲೆ ಎಳೆ ಎಣಿಸುವ ಕೈಯೇ ಕೌದಿಯ ಮೇಲೆ ಕಣ್ಣಂದಾಜಿನಿಂದ ನಡೆಯುತ್ತದೆ.

ಕಣ್ಣಂದಾಜು ಎಂದಾಕ್ಷಣ ಅದು ಅಡ್ಡಾದಿಡ್ಡಿ ಎಂದು ತಿಳಿಯಬಾರದು. ಗಂಟು ಬಿಚ್ಚಿ ಅರಿವೆ ಆರಿಸುವುದೇ ಒಂದು ಶಾಸ್ತ್ರ. ಇಳಕಲ್ಲ ಸೀರೆಯನ್ನೇ ತೆಗೆದುಕೊಳ್ಳಿ. ಅದರ ಒಡಲು ಹತ್ತಿಯದಾದರೆ ಸೆರಗು ಕೆಂಪು ರೇಷ್ಮೆಯದು. ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ನೇಯುವ ತೋಪು ತೆನಿ ಅದರ ಹೆಗ್ಗುರುತು. ಕೂತು ಎದ್ದು, ಒಗೆದು ಒಣಗಿಸಿ ಒಡಲು ಜಾಳಾದ ಕಾಲಕ್ಕೂ ಸೆರಗಿನ ಬಣ್ಣ ಉಳಿದಿರುತ್ತದೆ. ಆದ್ದರಿಂದ ಒಡಲು ಒಳಪದರಕ್ಕೆ, ಸೆರಗೂ ದಡಿಯೂ ಮೇಲಕ್ಕೆ. ಗಂಡಸರ ಧೋತರ, ರುಮಾಲು ಮೆತ್ತಗಿರುವುದರಿಂದ ಮೈಗೆ ತಾಗುವ ಬದಿಗೆ. ಗುಳೇದಗುಡ್ಡದ ಖಣದ ತುಂಡು ಎಷ್ಟೇ ಚಿಕ್ಕದಾದರೂ ಎಸೆಯುವಂತಿಲ್ಲ. ಅದು ಮೂಲೆಗೋ ನಡುವಿಗೋ ಮೀಸಲು. ಅಂಗಿಯಾದರೆ ಗುಂಡಿ ಬಿಚ್ಚಿ ಡಬ್ಬಿಗೆ ಹಾಕಬೇಕು, ಕಾಲರು, ಪಟ್ಟಿ ಕತ್ತರಿಸಿ ತೆಗೆಯಬೇಕು, ಅಲ್ಲಿ ಸೂಜಿ ಹಾಯುವುದಿಲ್ಲ. ಬಣ್ಣ ಬಿಡುವ ಬಟ್ಟೆಯನ್ನು ಮೊದಲೇ ನೀರಿಗೆ ಹಾಕಿ ನೋಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಜಾಳಾದ ಬಟ್ಟೆಯ ಪಕ್ಕಕ್ಕೆ ತೀರ ಗಟ್ಟಿ ಬಟ್ಟೆ ಬರಬಾರದು. ಬಂದರೆ ಗಟ್ಟಿಯದು ಜಗ್ಗಿ ಜಾಳಾದುದು ಹರಿಯುತ್ತದೆ. ಸಾಲುಗಳು ಒತ್ತೊತ್ತಾಗಿ ಇರಬೇಕಾದ ಕಾರಣವೂ ಇದೇ. ತನ್ನಷ್ಟಕ್ಕೆ ತಾನು ನಿಲ್ಲಲಾರದ ಹಳೆ ಅರಿವೆ, ನಾಲ್ಕು ಪದರವಾಗಿ, ಅರ್ಧ ಅಂಗುಲಕ್ಕೊಂದು ಸಾಲು ಹೊಲಿಗೆ ಬಿದ್ದ ಮೇಲೆ ಹಳ್ಳದ ಬಂಡೆಯ ಮೇಲೆ ಬಡಿದರೂ ತಾಳಿಕೊಳ್ಳುತ್ತದೆ.

ಈ ಹೊಲಿಗೆ ಎಷ್ಟಾಗುತ್ತದೆಂದು ಯಾರೂ ಲೆಕ್ಕ ಹಾಕುವುದಿಲ್ಲ. ಇಲ್ಲಿ ಹಾಕಿ ನೋಡೋಣ. ಏಳು ಅಡಿ ಉದ್ದ, ಐದು ಅಡಿ ಅಗಲದ ಒಂದು ಕೌದಿ. ಅರ್ಧ ಅಂಗುಲಕ್ಕೊಂದು ಸಾಲು. ಸಾಲುಗಳನ್ನೆಲ್ಲ ಒಂದರ ಮುಂದೊಂದು ಇಟ್ಟರೆ ಸುಮಾರು 840 ಅಡಿ. ಅಂಗುಲಕ್ಕೆ ನಾಲ್ಕು ಹೊಲಿಗೆಯಂತೆ 40 ಸಾವಿರ ಹೊಲಿಗೆ. ನಿಮಿಷಕ್ಕೆ ಹತ್ತು ಹೊಲಿಗೆ ಹಾಕುವ ಚುರುಕಾದ ಕೈಗೂ 67 ಗಂಟೆ ಬೇಕು, ಅರಿವೆ ಆರಿಸಿ ಕತ್ತರಿಸುವ ಹೊತ್ತನ್ನು ಬಿಟ್ಟು. ಎಂಟು ಗಂಟೆಯ ದಿನವೆಂದು ಹಿಡಿದರೆ ಎಂಟು ದಿನದ ಮೇಲಾಯಿತು. 2025-26ರ ಸಾಲಿಗೆ ಉದ್ಯೋಗ ಖಾತರಿ ಕಾಮಗಾರಿಗೆ ಕರ್ನಾಟಕದಲ್ಲಿ ನಿಗದಿಯಾಗಿದ್ದ ಕೂಲಿ ದಿನಕ್ಕೆ 370 ರೂಪಾಯಿ. ಮಣ್ಣು ಹೊರುವ ಕೂಲಿಯ ದರದಲ್ಲಿಯೇ ಲೆಕ್ಕ ಹಾಕಿದರೂ ಒಂದು ಕೌದಿಯ ಹೊಲಿಗೆಗೆ 3,000 ರೂಪಾಯಿಗೂ ಹೆಚ್ಚು ಸಲ್ಲಬೇಕು. ದಾರದ ಬೆಲೆ ಬೇರೆ. ಯಾವ ತುಂಡು ಎಲ್ಲಿಗೆ ಎಂದು ತೀರ್ಮಾನಿಸುವ ಬುದ್ಧಿಗೆ ಬೆಲೆ ಕಟ್ಟುವ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡೋಣ. ನಗರದ ಗ್ರಾಹಕ ‘ಹಳೆ ಬಟ್ಟೆಗೆ ಇಷ್ಟೊಂದೇ?’ ಎಂದು ಹುಬ್ಬೇರಿಸುವಾಗ ಈ ಲೆಕ್ಕ ಅವನ ಮುಂದೆ ಇರುವುದಿಲ್ಲ.

ನಮ್ಮ ಮಾತಿನಲ್ಲಿಯೇ ಈ ತಾತ್ಸಾರ ಬೇರೂರಿದೆ. ಸರ್ಕಾರವೊಂದು ಅರೆಮನಸ್ಸಿನ ಕ್ರಮ ಕೈಗೊಂಡರೆ ಪತ್ರಿಕೆಗಳು ‘ತೇಪೆ ಹಚ್ಚುವ ಕೆಲಸ’ ಎಂದು ಜರೆಯುತ್ತವೆ. ತಲೆಬುಡವಿಲ್ಲದ ಸುದ್ದಿಗೆ ‘ಅಂತೆ ಕಂತೆ’ ಎನ್ನುತ್ತೇವೆ, ಬೇಸರದ ಕಥೆಗೆ ‘ಕಂತೆ ಪುರಾಣ’. ಸಂಸ್ಕೃತದಲ್ಲಿ ಕಂಥಾ ಎಂದರೆ ಚಿಂದಿ ಕೂಡಿಸಿ ಹೊಲಿದ ಹೊದಿಕೆ. ಬಂಗಾಳದ ಕಾಂಥಾಕ್ಕೂ ಅದೇ ಹೆಸರು. ಆದರೆ ಚಿಂದಿಯ ಬಗ್ಗೆ ನಮ್ಮ ಪರಂಪರೆಗೆ ಇನ್ನೊಂದು ನೋಟವೂ ಇತ್ತು. ಬೌದ್ಧರ ವಿನಯಪಿಟಕದಲ್ಲಿ ಒಂದು ಪ್ರಸಂಗವಿದೆ. ಮಗಧದ ಗದ್ದೆಗಳನ್ನೂ ಅವುಗಳ ನಡುವಣ ಬದುಗಳನ್ನೂ ತೋರಿಸಿ, ಭಿಕ್ಷುಗಳ ಚೀವರವನ್ನು ಹೀಗೆ ಹೊಲಿಯಬಹುದೇ ಎಂದು ಬುದ್ಧ ಆನಂದನನ್ನು ಕೇಳುತ್ತಾನೆ. ಆನಂದ ಅದರಂತೆ ಹೊಲಿದು ತರುತ್ತಾನೆ. ತುಂಡು ಮಾಡಿದ ಬಟ್ಟೆಗೆ ಪೇಟೆಯಲ್ಲಿ ಬೆಲೆಯಿಲ್ಲ, ಕಳ್ಳರಿಗೂ ಬೇಡ, ಭಿಕ್ಷುವಿಗೆ ಅದೇ ತಕ್ಕದ್ದು. ಬೆಲೆಯಿಲ್ಲದಿರುವುದೇ ಅದರ ಘನತೆ. ಕೌದಿಯ ಘನತೆಯೂ ಬಹುಕಾಲ ಆ ಬಗೆಯದೇ ಆಗಿತ್ತು. ಅದನ್ನು ಮಾರಲು ಹೊಲಿಯುತ್ತಿರಲಿಲ್ಲ. ಬಾಣಂತಿಗೆ, ಕೂಸಿಗೆ, ಗಂಡನ ಮನೆಗೆ ಹೊರಟ ಮಗಳಿಗೆ ಹೊಲಿಯುತ್ತಿದ್ದರು. ಹೊಲಿಗೆ ನಡುವಿಗೆ ಬಂದು ಕೊನೆಯ ಕಿಂಡಿ ಮುಚ್ಚುವ ಮುನ್ನ ಅದರೊಳಗೆ ಒಂದಿಷ್ಟು ಕಾಳನ್ನೋ ರೊಟ್ಟಿಯ ಚೂರನ್ನೋ ಇಟ್ಟು ಕೌದಿಯ ಹೊಟ್ಟೆ ತುಂಬಿಸುವ ಪದ್ಧತಿ ಕೆಲವೆಡೆ ಇದೆ. ಹೊದ್ದವರು ಹಸಿಯಬಾರದು ಎಂಬುದು ಅದರ ಹಾರೈಕೆ. ಬರವನ್ನು ಕಂಡ ನೆಲದಲ್ಲಿ ಹುಟ್ಟಿದ ಹಾರೈಕೆ ಅದು.

ಎಲ್ಲ ಮನೆಯವರೂ ತಾವೇ ಹೊಲಿದುಕೊಳ್ಳುತ್ತಿದ್ದರೆಂದಲ್ಲ. ಗೊಂದಳಿ, ಜೋಗಿ ಮೊದಲಾದ ಅಲೆಮಾರಿ ಸಮುದಾಯಗಳ ಹೆಣ್ಣುಮಕ್ಕಳು ಊರಿಂದೂರಿಗೆ ಬಂದು, ಮನೆಯ ಕಟ್ಟೆಯ ಮೇಲೆ ಕುಳಿತು ಕೌದಿ ಹೊಲಿದುಕೊಡುತ್ತಿದ್ದರು. ಜೋಳ, ಊಟ, ಒಂದಷ್ಟು ಹಳೆ ಅರಿವೆ, ಕೆಲವೊಮ್ಮೆ ಕಾಸು, ಇದು ಅವರ ಕೂಲಿ. ಬೇರೆಯವರ ಮನೆಯ ಗಂಟು, ಬೇರೆಯವರ ನೆನಪುಗಳು. ಕೈ ಮಾತ್ರ ಅವರದು. ಊರಿನ ಗಟ್ಟಿಗಿತ್ತಿಯರೆಂದು ಹೆಸರಾದವರ ಕೌದಿಗಳಲ್ಲಿ ಎಷ್ಟು ಈ ಅನಾಮಿಕ ಕೈಗಳವು ಎಂಬ ವಿಚಾರವನ್ನು ನಮ್ಮ ಜಾನಪದ ಅಧ್ಯಯನಗಳು ಇನ್ನಷ್ಟು ಗಂಭೀರವಾಗಿ ಕೈಗೆತ್ತಿಕೊಳ್ಳಬೇಕಾಗಿದೆ.

ಹೊರಜಗತ್ತಿನ ಗಮನ ಬಿದ್ದದ್ದು ನಮ್ಮ ಇನ್ನೊಂದು ಕೌದಿಯ ಮೇಲೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿಯರು ಹೊಲಿಯುವ ಕವಂದಿಯದೂ ಹೆಚ್ಚುಕಡಿಮೆ ಇದೇ ಕ್ರಮ: ಅಂಚಿನಿಂದ ನಡುವಿಗೆ, ಹೊಲಿಯುತ್ತ ಹೊಲಿಯುತ್ತ ತುಂಡು ಸೇರಿಸುವುದು. ನಾಲ್ಕು ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಚಿ ಮಾಡಿದ ಹೂ ಇಲ್ಲದಿದ್ದರೆ ಅವರ ಕಣ್ಣಿಗೆ ಕವಂದಿ ಬೆತ್ತಲೆ. ಮುಸ್ಲಿಂ ಸಿದ್ದಿಯರ ಕವಂದಿಯಲ್ಲಿ ಅರ್ಧಚಂದ್ರ, ಕ್ರೈಸ್ತರದರಲ್ಲಿ ಶಿಲುಬೆ ಮೂಡುವುದುಂಟು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಅವರು ಇವನ್ನು ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕವಂದಿಗಳ ಪ್ರದರ್ಶನ ನಡೆಯಿತು. ಆಫ್ರಿಕದ ಮೂಲ, ಕಾಡಿನ ಬದುಕು, ಕಣ್ಣು ಕುಕ್ಕುವ ಬಣ್ಣಗಳು ವಿದೇಶೀಯರನ್ನು ಸೆಳೆದದ್ದು ಸಹಜ. ಎರೆಸೀಮೆಯ ಕೌದಿಗೆ ಅಂಥ ಕಥೆಯಿಲ್ಲ. ಅದು ಎಲ್ಲರ ಮನೆಯಲ್ಲಿಯೂ ಇತ್ತು, ಹಾಗಾಗಿ ಯಾರೂ ನೋಡಲಿಲ್ಲ.

ಈಗ ಅದು ಎಲ್ಲರ ಮನೆಯಲ್ಲಿ ಇಲ್ಲವಾಗುತ್ತಿದೆ. ಹೆಣ್ಣುಮಕ್ಕಳು ಹೊಲಿಗೆ ಮರೆತರು, ದೂರದರ್ಶನದ ಮುಂದೆ ಕುಳಿತರು ಎಂಬ ಸುಲಭದ ವಿವರಣೆ ಸಾಮಾನ್ಯವಾಗಿ ಕೇಳಿಬರುತ್ತದೆ. ಇದು ಅರ್ಧಸತ್ಯವೂ ಅಲ್ಲ. ಕೌಶಲ ಮರೆಯಾಗುವುದಕ್ಕೆ ಮುಂಚೆ ಮರೆಯಾದದ್ದು ಅರಿವೆ. ಕೌದಿಗೆ ಬೇಕಾದುದು ಬರಿಯ ಹಳೆ ಬಟ್ಟೆಯಲ್ಲ, ಹಳೆಯದಾಗಬಲ್ಲ ಬಟ್ಟೆ. ಹತ್ತಿಯ ಬಟ್ಟೆ ಪ್ರತಿ ಒಗೆತಕ್ಕೂ ಮೆತ್ತಗಾಗುತ್ತದೆ, ಬೆವರು ಹೀರುತ್ತದೆ, ಸೂಜಿಗೆ ದಾರಿ ಬಿಡುತ್ತದೆ. 1970ರ ದಶಕದಲ್ಲಿ ಟೆರಿಕಾಟ್, ನೈಲೆಕ್ಸ್‌ಗಳಾಗಿ ಹಳ್ಳಿಗೆ ಕಾಲಿಟ್ಟು ಈಗ ಪಾಲಿಯೆಸ್ಟರ್ ಸೀರೆಯಾಗಿ ಹಗ್ಗದ ಮೇಲೆಲ್ಲ ತೂಗುವ ಬಟ್ಟೆ ಹಾಗಲ್ಲ. ಅದು ವರ್ಷಗಟ್ಟಲೆ ಉಟ್ಟರೂ ಮೆತ್ತಗಾಗದು; ಬೆವರು ಹೀರದು; ಪದರದ ಮೇಲೆ ಪದರ ಜಾರುತ್ತದೆ; ಅಂಚು ಮಡಿಚಿದರೆ ನಿಲ್ಲುವುದಿಲ್ಲ, ಎಳೆ ಬಿಡುತ್ತದೆ; ಒಲೆಯ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಹಾಗೆಂದು ಹಳ್ಳಿಯ ಹೆಂಗಸರನ್ನು ದೂರುವಂತಿಲ್ಲ. ಅಗ್ಗ, ಬೇಗ ಒಣಗುತ್ತದೆ, ಇಸ್ತ್ರಿ ಬೇಡ, ನೀರು ಕಡಿಮೆ ಸಾಕು. ಬೇಸಿಗೆಯಲ್ಲಿ ನೀರಿಗಾಗಿ ಸಾಲುಗಟ್ಟಿ ನಿಂತ ಅನುಭವವುಳ್ಳ ಸೀಮೆಯಲ್ಲಿ ಇದು ಸಣ್ಣ ಅನುಕೂಲವಲ್ಲ.

ವಿಪರ್ಯಾಸವೆಂದರೆ ಇದು ಹತ್ತಿಯ ನಾಡು. 19ನೆಯ ಶತಮಾನದಲ್ಲಿ ಅಮೆರಿಕದಿಂದ ತಂದ ತಳಿಯನ್ನು ಒಗ್ಗಿಸಿ ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನಲ್ಲಿ ಬೆಳೆದ ಹತ್ತಿ ಇಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿತ್ತು. 1861-65ರ ಅಮೆರಿಕದ ಅಂತರ್ಯುದ್ಧದ ದಿನಗಳಲ್ಲಿ ಅದಕ್ಕೆ ಬಂದ ಬೆಲೆ ಈ ಭಾಗದ ಇತಿಹಾಸದಲ್ಲಿ ದಾಖಲಾಗಿದೆ. ಗದಗ-ಬೆಟಗೇರಿಯ ಹತ್ತಿ ಪೇಟೆ, ಮಗ್ಗಗಳು, ಗಜೇಂದ್ರಗಡದ ಕೈಮಗ್ಗದ ಸೀರೆ, ಇಳಕಲ್ಲ, ಗುಳೇದಗುಡ್ಡ ಇವೆಲ್ಲ ಅಬ್ಬಿಗೇರಿಯಿಂದ ಒಂದು ಹಗಲಿನ ಪ್ರಯಾಣದೊಳಗೆ. ಹೊಲದಲ್ಲಿ ಈಗಲೂ ಹತ್ತಿ ಬಿಡಿಸುವ ಹೆಣ್ಣುಮಗಳು ಮೈಮೇಲೆ ಉಟ್ಟಿರುವುದು ಪಾಲಿಯೆಸ್ಟರ್. ರಾತ್ರಿ ಹೊದೆಯುವುದು ಪಾಣಿಪತ್ತಿನಿಂದ ಬಂದ, ಹುಲಿಯ ಚಿತ್ರವಿರುವ ನುಣುಪಾದ ರಗ್ಗು.

ಆದರೂ ಕೌದಿಯ ಬುದ್ಧಿ ಸುಮ್ಮನೆ ಕೂರುವುದಿಲ್ಲ. ಟೇಲರ್ ಅಂಗಡಿಯ ಕಟ್‌ಪೀಸು, ಶಾಲೆಯ ಹಳೆ ಸಮವಸ್ತ್ರ, ಹತ್ತಿಯ ನೈಟಿ ಈಗ ಗಂಟಿಗೆ ಬಂದು ಸೇರುತ್ತಿವೆ. ಹಳ್ಳಿಯ ಉಡುಪಿನಲ್ಲಿ ಹತ್ತಿ ಉಳಿದುಕೊಂಡದ್ದು ಬಹುಮಟ್ಟಿಗೆ ನೈಟಿಯಲ್ಲಿ. ಸಭ್ಯರ ಟೀಕೆಗೆ ಸದಾ ಗುರಿಯಾದ ಆ ಉಡುಪು ಕೌದಿಯ ಪಾಲಿಗೆ ಒದಗಿಬಂದ ನೆಂಟ. ಮಾಸಿದ ಇಳಕಲ್ಲ ಸೆರಗಿನ ಪಕ್ಕದಲ್ಲಿ ದೊಡ್ಡ ಹೂವಿನ ನೈಟಿಯ ತುಂಡು, ಅದರ ಪಕ್ಕದಲ್ಲಿ ಶಾಲೆಯ ನೀಲಿ. ಹಳೆ ಕೌದಿಯ ಆರಾಧಕರಿಗೆ ಇದು ಶುದ್ಧವಲ್ಲ ಎನಿಸಬಹುದು. ಹೊಸ ಥಾನು ಕತ್ತರಿಸಿ ಹೊಲಿದ ಮಳಿಗೆಯ ಕೌದಿಗಿಂತ ಇದೇ ಪರಂಪರೆಗೆ ಹತ್ತಿರ ಎಂಬುದು ನನ್ನ ಅಭಿಪ್ರಾಯ. ಇದ್ದುದರಲ್ಲಿ ಮಾಡುವುದೇ ಇಲ್ಲಿಯ ನಿಯಮವಾದರೆ, ಇರುವುದು ಬದಲಾದಾಗ ಕೌದಿಯೂ ಬದಲಾಗಬೇಕು.

ಮಾರುಕಟ್ಟೆಗೆ ಒಯ್ದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಕುಗ್ರಾಮದ ಕಥೆ ಕೇಳಬೇಕು. ನದಿಯೊಂದು ಮೂರು ಕಡೆ ಸುತ್ತುವರಿದ ಆ ಊರಿನವರು ಗುಲಾಮರಾಗಿ ಹತ್ತಿ ಬೆಳೆದವರ ಸಂತತಿ. ಅಲ್ಲಿಯ ಹೆಂಗಸರು ಹರಿದ ಕೆಲಸದ ಬಟ್ಟೆಗಳನ್ನು ಕೂಡಿಸಿ, ನಕ್ಷೆ ಹಿಡಿಯದೆ, ಹೊದಿಕೆ ಹೊಲಿಯುತ್ತಿದ್ದರು. ನಾಗರಿಕ ಹಕ್ಕುಗಳ ಚಳವಳಿಯ ಕಾಲದಲ್ಲಿ, 1966ರಲ್ಲಿ, ಆ ಸೀಮೆಯ ಹೆಂಗಸರು ಸೇರಿ ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಎಂಬ ಸಹಕಾರಿ ಸಂಸ್ಥೆ ಕಟ್ಟಿದರು. ನಗರದ ದೊಡ್ಡ ಮಳಿಗೆಗಳಿಂದ ಬೇಡಿಕೆ ಬಂತು, ದುಡ್ಡೂ ಬಂತು. ಜೊತೆಗೆ ಒಂದು ಷರತ್ತೂ ಬಂತು: ಎಲ್ಲವೂ ಒಂದೇ ಥರ ಇರಬೇಕು. ಗೊತ್ತಾದ ವಿನ್ಯಾಸ, ಗೊತ್ತಾದ ಬಣ್ಣ, ಗೊತ್ತಾದ ಅಳತೆ. 1970ರ ದಶಕದಲ್ಲಿ ಸಿಯರ್ಸ್ ಕಂಪನಿಗಾಗಿ ಕಾರ್ಡುರಾಯ್ ದಿಂಬಿನ ಚೀಲಗಳನ್ನು ಹೊಲಿಯುವ ಗುತ್ತಿಗೆಯನ್ನೂ ಅವರು ಪಡೆದರು. ಸ್ವಾರಸ್ಯ ಇರುವುದು ಇಲ್ಲಿಯೇ. ಹಗಲು ಒಂದೇ ಅಳತೆಯ ದಿಂಬಿನ ಚೀಲ ಹೊಲಿದ ಹೆಂಗಸರು, ಅದರಲ್ಲಿ ಉಳಿದ ಕಾರ್ಡುರಾಯ್ ಚೂರುಗಳನ್ನು ಮನೆಗೆ ತಂದು ತಮಗೆ ಬೇಕಾದಂತೆ ಹೊದಿಕೆ ಹೊಲಿದುಕೊಂಡರು. 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ, ಆನಂತರ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ಜೀಸ್ ಬೆಂಡಿನ ಹೊದಿಕೆಗಳನ್ನು ಗೋಡೆಗೆ ತೂಗುಹಾಕಿದಾಗ ವಿಮರ್ಶಕರು ಆಧುನಿಕ ಕಲೆಯ ಶ್ರೇಷ್ಠ ಕೃತಿಗಳೊಂದಿಗೆ ಹೋಲಿಸಿ ಕೊಂಡಾಡಿದರು. ಅವರು ಕೊಂಡಾಡಿದ್ದು ಮಳಿಗೆಗೆ ಹೋದವನ್ನಲ್ಲ, ಮನೆಯಲ್ಲಿ ಉಳಿದವನ್ನು. 2006ರಲ್ಲಿ ಅವುಗಳ ಚಿತ್ರವುಳ್ಳ ಅಂಚೆಚೀಟಿಗಳೂ ಹೊರಬಂದವು. ಮರುವರ್ಷ ಅಲ್ಲಿಯ ಮೂವರು ಹೆಂಗಸರು, ತಮ್ಮ ಕೆಲಸದಿಂದ ಬಂದ ಲಾಭದಲ್ಲಿ ತಮಗೆ ನ್ಯಾಯವಾದ ಪಾಲು ಸಿಗಲಿಲ್ಲವೆಂದು ನ್ಯಾಯಾಲಯಕ್ಕೆ ಹೋದರು. 2008ರಲ್ಲಿ ಆ ಪ್ರಕರಣಗಳು ಇತ್ಯರ್ಥಗೊಂಡವು. ಕೀರ್ತಿ ಬಂದ ಮೇಲೂ ಪಾಲಿನ ಪ್ರಶ್ನೆ ಬಗೆಹರಿದಿರಲಿಲ್ಲ.

ನಮ್ಮಲ್ಲಿ ಸ್ವಸಹಾಯ ಸಂಘಗಳ ಮೂಲಕ ಕೌದಿ ಹೊಲಿಸಿ ಮಾರುವ ಮಾತು ಆಗಾಗ ಕೇಳಿಬರುತ್ತದೆ. ಒಳ್ಳೆಯದೇ. ಚಿಂದಿಯ ಕೆಲಸವನ್ನು ಮೆರೆಸುವುದು ನಮಗೆ ಗೊತ್ತಿಲ್ಲವೆಂದೂ ಅಲ್ಲ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಭೆಯ ಸಂದರ್ಭದಲ್ಲಿ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ತಯಾರಿಸಿದ 1,755 ತೇಪೆ ಕಸೂತಿಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಕೌದಿಯ ವಿಷಯದಲ್ಲಿ ಮಾತ್ರ ಬೇಡಿಕೆ ಸಲ್ಲಿಸುವವರು ಒಂದು ಅಭ್ಯಾಸವನ್ನು ಬಿಡಬೇಕು. ‘ಇದರ ಹಾಗೆಯೇ ಐವತ್ತು ಬೇಕು’ ಎಂದು ಮಾದರಿ ಕಳಿಸಿದ ಕ್ಷಣದಲ್ಲಿ, ಕೌದಿ ಹೊಲಿಯುವಾಕೆ ಬರಿಯ ಹೊಲಿಗೆಯ ಕೂಲಿಯಾಗುತ್ತಾಳೆ. ಬಣ್ಣ ಆರಿಸುವವರು ಬೇರೆ ಎಲ್ಲೋ ಕುಳಿತಿರುತ್ತಾರೆ. ಅಳತೆ ಹೇಳಿ, ಹತ್ತಿಯೇ ಇರಲಿ ಎಂದು ಹೇಳಿ, ತೊಳೆದ ಹಳೆ ಅರಿವೆ ಕಳಿಸುವುದಾದರೆ ಕಳಿಸಿ; ಉಳಿದುದನ್ನು ಆಕೆಗೆ ಬಿಡಿ. ಕೂಲಿಯನ್ನು ಚದರ ಅಡಿಯಿಂದಲ್ಲ, ಮೇಲೆ ಹೇಳಿದ ಗಂಟೆಗಳ ಲೆಕ್ಕದಿಂದ ಕೊಡಿ. ಮೂಲೆಯಲ್ಲಿ ಆಕೆಯ ಹೆಸರೂ ಊರೂ ಇರಲಿ. ನಗರಗಳ ಕಪಾಟುಗಳಲ್ಲಿ ಉಡದೆ ಬಿದ್ದಿರುವ ಹತ್ತಿ ಸೀರೆಗಳಿಗೇನೂ ಬರವಿಲ್ಲ. ಅಜ್ಜಿಯ ಸೀರೆಗಳನ್ನು ಹಳ್ಳಿಗೆ ಕಳಿಸಿ ಕೌದಿಯಾಗಿ ಮರಳಿ ಪಡೆಯುವ ಮನೆಗಳು ಈಗಾಗಲೇ ಇವೆ, ಅದು ಹೆಚ್ಚಲಿ.

ಇನ್ನೊಂದು ಕೆಲಸಕ್ಕೆ ಹೆಚ್ಚು ದುಡ್ಡೂ ಬೇಕಿಲ್ಲ. ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಧಾರವಾಡ, ಹಂಪಿಯ ವಿಶ್ವವಿದ್ಯಾಲಯಗಳು ದೂರವಿಲ್ಲ. ದಸರೆಗೆ ಮುನ್ನ ಈ ಸೀಮೆಯ ಮನೆಗಳಲ್ಲಿ ಹಾಸಿಗೆ-ಹೊದಿಕೆಯನ್ನೆಲ್ಲ ಹೊರಗೆ ತೆಗೆದು ತೊಳೆಯುವ ರೂಢಿ. ಆಗ ಟ್ರಂಕಿನ ತಳದಲ್ಲಿದ್ದ ಕೌದಿಗಳೂ ಬೆಳಕು ಕಾಣುತ್ತವೆ. ಗೋಡೆ, ಮಾಳಿಗೆ, ಹಿತ್ತಲ ಬೇಲಿಯ ಮೇಲೆಲ್ಲ ಹರಡಿಕೊಳ್ಳುತ್ತವೆ. ವಿದ್ಯಾರ್ಥಿಗಳು ಆ ವಾರ ಅಬ್ಬಿಗೇರಿ, ನರೇಗಲ್ಲ, ಸೂಡಿಯ ಓಣಿಗಳಲ್ಲಿ ನಡೆದು ಪ್ರತಿಯೊಂದರ ಛಾಯಾಚಿತ್ರ ತೆಗೆದು, ಮೂರು ಪ್ರಶ್ನೆ ಕೇಳಿ ಬರೆದುಕೊಂಡರೆ ಸಾಕು: ಹೊಲಿದವರು ಯಾರು, ಯಾವ ವರ್ಷ, ಈ ತುಂಡು ಯಾರ ಮೈಮೇಲಿನದು. ಮೂರನೆಯದಕ್ಕೆ ಉತ್ತರ ಹೇಳಬಲ್ಲವರು ಹೆಚ್ಚಿನ ಮನೆಗಳಲ್ಲಿ ಈಗ ಒಬ್ಬರೇ ಉಳಿದಿರುತ್ತಾರೆ. ಒಳಗಿನ ಪದರದ ಬಗ್ಗೆಯೂ ಕೇಳುವುದನ್ನು ಮರೆಯಬಾರದು. ತೀರ ಜೀರ್ಣವಾದ ಕೌದಿಯನ್ನು ಎಸೆಯದೆ ಹೊಸ ಕೌದಿಯ ಒಡಲೊಳಗೆ ಹಾಕಿ ಹೊಲಿಯುವುದುಂಟು. ಹೊರಗೆ ಕಾಣುವುದು ಮೊಮ್ಮಗಳ ಶಾಲೆಯ ನೀಲಿಯಾದರೂ, ಒಳಗೆ ಮುತ್ತಜ್ಜಿಯ ಸೀರೆ ಇರಬಹುದು.